ಜೀವವಿಕಾಸವೂ ಜೀವಿಗಳ ಜಟಿಲತೆಯೂ



ಶಾಸ್ತ್ರಗಳಲ್ಲಿ ಏಳುವ ಪ್ರಶ್ನೆಗಳ ಪೈಕಿ ಕೆಲವು ಪ್ರಯೋಗಶಾಲೆಯೊಳಗೆ ಹುಟ್ಟಿ ಅಲ್ಲಿಯೇ ತೀರಿಹೋಗತಕ್ಕವು. ಮತ್ತೆ ಕೆಲವು ತಾವು ಹುಟ್ಟಿದ ಶಾಸ್ತ್ರದ ಎಲ್ಲೆಯನ್ನು ದಾಟಿ ಬಂದು, ಮನುಷ್ಯನು ತನ್ನನ್ನು ತಾನು ಏನೆಂದು ಎಣಿಸಿಕೊಂಡಿರುವನೋ ಆ ಎಣಿಕೆಯನ್ನೇ ಅಲುಗಿಸತಕ್ಕವು. ಇಂದು ತಮ್ಮ ಮುಂದೆ ವಿಚಾರಕ್ಕೆ ತೆಗೆದುಕೊಂಡಿರುವುದು ಈ ಎರಡನೆಯ ಬಗೆಯ ಪ್ರಶ್ನೆ. ಸುಮಾರು 350 ಕೋಟಿ ವರ್ಷಗಳಷ್ಟು ಹಳೆಯವಾದ ಬಂಡೆಗಳಲ್ಲಿ ದೊರೆಯುವ ಜೀವದ ಕುರುಹುಗಳು ಬರಿಗಣ್ಣಿಗೆ ಕಾಣದ ಸೂಕ್ಷ್ಮಾಣುಗಳವು. ಇಂದಿನ ಭೂಮಿಯ ಮೇಲಾದರೋ ಆನೆಯಿದೆ, ಆಲದ ಮರವಿದೆ, ಸಾವಿರಾರು ನೊಣಗಳು ಒಂದೇ ದೇಹವೆಂಬಂತೆ ಬಾಳುವ ಜೇನುಗೂಡಿದೆ, ಕಾವ್ಯವನ್ನು ಓದಿ ಕಣ್ಣು ತೇವಮಾಡಿಕೊಳ್ಳುವ ಮನುಷ್ಯನಿದ್ದಾನೆ. ಆ ತುದಿಯಿಂದ ಈ ತುದಿಯವರೆಗೆ ನಡೆದುಬಂದದ್ದು ವಿಕಾಸಕ್ರಿಯೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸರಳವಾದುದು ಜಟಿಲವಾಗಲೇಬೇಕೆಂಬುದು ಆ ಕ್ರಿಯೆಯ ನಿಯಮವೆ, ಅದರ ಗುರಿಯೆ, ಅಥವಾ ದಾರಿಯಲ್ಲಿ ಕೂಡಿಕೊಂಡ ಹೊರೆಯೆ? ಈ ಮೂರರಲ್ಲಿ ಯಾವುದನ್ನು ಒಪ್ಪುತ್ತೇವೆಂಬುದರ ಮೇಲೆ ಜೀವಜಗತ್ತನ್ನು ನಾವು ನೋಡುವ ಕಣ್ಣೇ ಬೇರೆಯಾಗುತ್ತದೆ.

ಮೊದಲು ಪದದ ವಿಚಾರ. ಕನ್ನಡದಲ್ಲಿ ನಾವು ಬಳಸುತ್ತಿರುವ ‘ವಿಕಾಸ’ ಶಬ್ದಕ್ಕೆ ಅರಳುವಿಕೆಯೆಂದು ಅರ್ಥ. ಮೊಗ್ಗು ಅರಳುವ ಮೊದಲೇ ಹೂವಿನ ದಳಗಳೂ ಕೇಸರಗಳೂ ಅದರೊಳಗೆ ಮಡಿಸಿ ಇಡಲ್ಪಟ್ಟಿರುತ್ತವೆ. ಅರಳುವುದೆಂದರೆ ಒಳಗಿದ್ದುದು ಹೊರಗೆ ಕಾಣುವುದು, ಅಷ್ಟೆ. ಇಂಗ್ಲಿಷಿನ ‘ಎವಲ್ಯೂಷನ್’ ಶಬ್ದದ ಲ್ಯಾಟಿನ್ ಮೂಲವೂ ಸುರುಳಿ ಸುತ್ತಿದ ಓಲೆಯನ್ನು ಬಿಚ್ಚುವುದನ್ನೇ ಹೇಳುತ್ತದೆ. ಬಿಚ್ಚಿದಾಗ ಓದಸಿಕ್ಕುವ ಬರೆಹವು ಬಿಚ್ಚುವ ಮುನ್ನವೇ ಅಲ್ಲಿ ಬರೆದಿಟ್ಟದ್ದು. ಹೀಗೆ ಎರಡು ಭಾಷೆಗಳಲ್ಲಿಯೂ ಪದವೇ ಒಂದು ಸಿದ್ಧಾಂತವನ್ನು ಬಚ್ಚಿಟ್ಟುಕೊಂಡಿದೆ: ಮುಂದೆ ಬರಲಿರುವುದು ಹಿಂದೆಯೇ ಇತ್ತು, ಅದು ಹೊರಬೀಳಬೇಕಾದ ಕ್ರಮವೂ ಗೊತ್ತಾಗಿಯೇ ಇತ್ತು ಎಂಬುದು ಆ ಸಿದ್ಧಾಂತ. ಡಾರ್ವಿನ್ನನು ಇದನ್ನು ಅರಿತಿದ್ದನೆಂದು ತೋರುತ್ತದೆ. 1859ರಲ್ಲಿ ಪ್ರಕಟವಾದ ಅವನ ‘ಜಾತಿಗಳ ಉಗಮ’ದ ಮೊದಲ ಮುದ್ರಣದಲ್ಲಿ ಆ ನಾಮಪದ ಎಲ್ಲಿಯೂ ಬರುವುದಿಲ್ಲ, ಅದರ ಕ್ರಿಯಾರೂಪ ಮಾತ್ರ ಗ್ರಂಥದ ಕಟ್ಟಕಡೆಯ ಪದವಾಗಿ ಬಂದು ನಿಲ್ಲುತ್ತದೆ. ಮಾರ್ಪಾಟುಗಳನ್ನು ಕೂಡಿಸಿಕೊಳ್ಳುತ್ತ ಸಾಗುವ ವಂಶಪರಂಪರೆಯೆಂಬ ಅರ್ಥದ ಮಾತೇ ಅವನಿಗೆ ಹೆಚ್ಚು ಒಪ್ಪಿತವಾಗಿತ್ತು. ಜೀವಿಗಳನ್ನು ಕುರಿತು ಮೇಲಿನವು, ಕೆಳಗಿನವು ಎಂಬ ಮಾತುಗಳನ್ನು ಬಳಸಲಾಗದೆಂದು ಅವನು ತಾನು ಓದುತ್ತಿದ್ದ ಪುಸ್ತಕವೊಂದರ ಅಂಚಿನಲ್ಲಿ ತನಗೆ ತಾನೇ ಎಚ್ಚರಿಕೆ ಬರೆದುಕೊಂಡದ್ದುಂಟು. ಆ ಎಚ್ಚರಿಕೆಯನ್ನು ಅವನೂ ಸದಾ ಪಾಲಿಸಲಾಗಲಿಲ್ಲವೆಂಬುದು ಬೇರೆ ಮಾತು. ಮನುಷ್ಯಭಾಷೆಯಲ್ಲಿ ಏಣಿಯ ಕಲ್ಪನೆ ಅಷ್ಟು ಆಳಕ್ಕೆ ಇಳಿದಿದೆ.

ಈ ಏಣಿ ಒಂದು ನಾಡಿನ ಸೊತ್ತಲ್ಲ. ಗ್ರೀಸಿನಲ್ಲಿ ಅರಿಸ್ಟಾಟಲನು ಸಸ್ಯಗಳಿಂದ ಮನುಷ್ಯನವರೆಗೆ ಜೀವಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಿದನು. ಯೂರೋಪು ಎರಡು ಸಾವಿರ ವರ್ಷ ಅದನ್ನು ಹತ್ತಿ ಇಳಿದು ಮಾಡಿತು. ಜೈನಾಚಾರ್ಯರು ಜೀವಗಳನ್ನು ಇಂದ್ರಿಯಗಳ ಸಂಖ್ಯೆಯಿಂದ ವಿಂಗಡಿಸಿ, ಸ್ಪರ್ಶವೊಂದನ್ನೇ ಉಳ್ಳ ಏಕೇಂದ್ರಿಯಗಳಿಂದ ಮೊದಲುಗೊಂಡು ಕೃಮಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು, ಮನುಷ್ಯಾದಿಗಳಿಗೆ ಐದು ಎಂದು ಒಂದೊಂದಾಗಿ ಏರಿಸುತ್ತ ಹೋದರು. ನಮ್ಮ ಪ್ರಾಚೀನ ಕವಿಗಳಿಗೆ ಈ ವಿಂಗಡಣೆ ಮನೆಯ ಮಾತಿನಷ್ಟು ಪರಿಚಿತ. ಇದು ಅಹಿಂಸೆಯ ವಿವೇಚನೆಗಾಗಿ ಹುಟ್ಟಿದ ವರ್ಗೀಕರಣ. ಇರುವೆಯಿಂದ ದುಂಬಿ ಹುಟ್ಟಿತೆಂದು ಅದು ಹೇಳುವುದಿಲ್ಲ. ಮತ್ಸ್ಯ, ಕೂರ್ಮ, ವರಾಹಗಳ ಅವತಾರಕ್ರಮದಲ್ಲಿ ವಿಕಾಸವಾದವನ್ನು ಕಾಣುವ ಉತ್ಸಾಹವೂ ನಮ್ಮಲ್ಲಿ ಉಂಟು. ಆ ಕಥೆಗಳ ಹೃದಯವು ಧರ್ಮದ ಉದ್ಧಾರದಲ್ಲಿದೆಯೇ ಹೊರತು ಪ್ರಾಣಿಗಳ ವಂಶಾವಳಿಯಲ್ಲಿಲ್ಲವೆಂದು ನನ್ನ ನಂಬಿಕೆ. ಒಂದನ್ನು ಇನ್ನೊಂದಕ್ಕೆ ಸಾಕ್ಷಿಯಾಗಿ ಕರೆದರೆ ಎರಡಕ್ಕೂ ಅನ್ಯಾಯವಾಗುತ್ತದೆ.

ಏಣಿಯನ್ನು ಚಲಿಸುವಂತೆ ಮಾಡಿದವನು ಫ್ರಾನ್ಸಿನ ಲಾಮಾರ್ಕ್. ಡಾರ್ವಿನ್ನನು ಹುಟ್ಟಿದ 1809ರಲ್ಲಿಯೇ ಅಚ್ಚಾದ ಅವನ ಪ್ರಾಣಿತತ್ತ್ವಶಾಸ್ತ್ರದ ಪ್ರಕಾರ, ಜೀವದಲ್ಲಿ ಸ್ವಭಾವತಃ ಊರ್ಧ್ವಮುಖವಾದ ಒಂದು ಪ್ರವೃತ್ತಿಯುಂಟು. ಅದು ಜೀವಿಗಳನ್ನು ತಲೆಮಾರಿನಿಂದ ತಲೆಮಾರಿಗೆ ಹೆಚ್ಚು ಹೆಚ್ಚು ಜಟಿಲವಾದ ರಚನೆಯತ್ತ ಒಯ್ಯುತ್ತದೆ. ಹಾಗಿದ್ದರೆ ಸರಳ ಜೀವಿಗಳು ಇಂದಿಗೂ ಏತಕ್ಕೆ ಉಳಿದಿವೆ? ಅವು ನಿರ್ಜೀವ ದ್ರವ್ಯದಿಂದ ಮತ್ತೆ ಮತ್ತೆ ಹೊಸದಾಗಿ ಹುಟ್ಟುತ್ತಿವೆಯೆಂದು ಅವನು ಉತ್ತರ ಕೊಡಬೇಕಾಯಿತು. ಡಾರ್ವಿನ್ನನಿಗೆ ಈ ಊರ್ಧ್ವಪ್ರವೃತ್ತಿ ಬೇಕಾಗಲಿಲ್ಲ. ಅವನ ನಿಸರ್ಗದ ಆಯ್ಕೆಯು ಆಯಾ ಕಾಲ, ಆಯಾ ಸ್ಥಳದ ಅನುಕೂಲವನ್ನು ಮಾತ್ರ ಬಲ್ಲುದು. ಎರೆಹುಳುವಿಗೆ ಮಣ್ಣಿನಲ್ಲಿ ಬದುಕು ಸಲ್ಲುತ್ತಿರುವಾಗ ಅದಕ್ಕೆ ಹದ್ದಿನ ಕಣ್ಣು ಬರಬೇಕೆಂದು ಯಾವ ನಿಯಮವೂ ಒತ್ತಾಯಿಸದು.

ಇಷ್ಟಾದ ಮೇಲೆ ‘ಜಟಿಲತೆ’ ಎಂದರೇನೆಂದು ಕೇಳಿಕೊಳ್ಳದೆ ಮುಂದೆ ಹೋಗುವಂತಿಲ್ಲ. ಕಂಡರೆ ಗುರುತಿಸುತ್ತೇವೆ, ಅಳೆಯಹೊರಟರೆ ಕೈಗೆ ಸಿಕ್ಕದು. ಕೋಶದೊಳಗಿನ ಡಿ.ಎನ್.ಎ.ಯ ಪ್ರಮಾಣದಿಂದ ಅಳೆಯೋಣವೆಂದರೆ ನಮ್ಮ ಅಡಿಗೆಮನೆಯ ಈರುಳ್ಳಿ ಮನುಷ್ಯನನ್ನು ಸೋಲಿಸುತ್ತದೆ. ಅದರ ಕೋಶದಲ್ಲಿರುವುದು ನಮ್ಮದರ ಸುಮಾರು 5 ಪಾಲು. ವಂಶವಾಹಿಗಳ ಸಂಖ್ಯೆಯಿಂದ ಅಳೆಯೋಣವೆಂದರೆ, ಮನುಷ್ಯನಿಗೆ ಪ್ರೋಟೀನುಗಳನ್ನು ರಚಿಸತಕ್ಕ ವಂಶವಾಹಿಗಳು 20,000ದಷ್ಟು. ಮಣ್ಣಿನಲ್ಲಿ ಬಾಳುವ, ಒಂದು ಮಿಲಿಮೀಟರು ಉದ್ದದ, ಪೂರ್ಣವಾಗಿ ಬೆಳೆದಾಗಲೂ ಸಂತಾನಕೋಶಗಳನ್ನು ಬಿಟ್ಟರೆ 959 ದೇಹಕೋಶಗಳನ್ನು ಮಾತ್ರ ಉಳ್ಳ ಒಂದು ದುಂಡುಹುಳುವಿಗೂ ಹೆಚ್ಚು ಕಡಮೆ ಅಷ್ಟೇ. ದೇಹದಲ್ಲಿ ಎಷ್ಟು ಬಗೆಯ ಕೋಶಗಳಿವೆ, ಅವು ಒಂದನ್ನೊಂದು ಎಷ್ಟರ ಮಟ್ಟಿಗೆ ಅವಲಂಬಿಸಿವೆ ಎಂಬುದನ್ನು ಅಳತೆಗೋಲಾಗಿ ಹಿಡಿಯುವವರ ಮಾತು ನನಗೆ ಹೆಚ್ಚು ಸಮಂಜಸವಾಗಿ ತೋರುತ್ತದೆ. ಮರಳ ರಾಶಿಯಲ್ಲಿ ಕೋಟಿ ಕಣಗಳಿದ್ದರೂ ಅದನ್ನು ಜಟಿಲವೆನ್ನುವವರಿಲ್ಲ. ಗಡಿಯಾರದಲ್ಲಿ ನೂರೇ ಭಾಗಗಳಿದ್ದರೂ, ಒಂದನ್ನು ತೆಗೆದರೆ ಉಳಿದವು ನಿಲ್ಲುವುದರಿಂದ, ಅದು ಜಟಿಲ.

ನಮ್ಮ ಶಬ್ದವೇ ಇಲ್ಲಿ ಒಂದು ಉಪಕಾರವನ್ನು ಮಾಡುತ್ತದೆ. ಜಟಿಲವೆಂದರೆ ಜಟೆಯುಳ್ಳದ್ದು. ಸಂಸ್ಕೃತದ ಜಟೆಯೇ ಕನ್ನಡದಲ್ಲಿ ತದ್ಭವವಾಗಿ ಜಡೆಯಾಯಿತು. ಒಂದೇ ಶಬ್ದ ಎರಡು ರೂಪಗಳಲ್ಲಿ ಎರಡು ಬೇರೆ ಬೇರೆ ವಸ್ತುಗಳನ್ನು ನೆನಪಿಗೆ ತರುವಂತಾಯಿತು. ಜಡೆಯನ್ನು ತಾಯಿ ಮಗಳಿಗೆ ಕುಳಿತು ಹೆಣೆಯುತ್ತಾಳೆ. ಅದರಲ್ಲಿ ಕೈಯಿದೆ, ಕ್ರಮವಿದೆ, ಉದ್ದೇಶವಿದೆ. ತಪಸ್ವಿಯ ಜಟೆಯನ್ನಾದರೋ ಯಾರೂ ಹೆಣೆದವರಿಲ್ಲ. ಕಾಲ ಕಳೆದಂತೆ ಎಳೆಗೆ ಎಳೆ ತೊಡರಿ ಅದು ತಾನಾಗಿ ಬೆಳೆಯಿತು, ಬೆಳೆದ ಮೇಲೆ ಬಿಡಿಸಲಾಗದಂತಾಯಿತು. ಜೀವಿಗಳ ಜಟಿಲತೆಯು ಜಡೆಯೋ ಜಟೆಯೋ ಎಂಬುದೇ ಈ ಉಪನ್ಯಾಸದ ಪ್ರಶ್ನೆಯೆಂದರೂ ಸಲ್ಲುತ್ತದೆ.

ಜಡೆಯೆಂಬ ಪಕ್ಷಕ್ಕೆ ಎಲ್ಲರೂ ಮೊದಲು ಕರೆಯುವ ಸಾಕ್ಷಿ ಕಣ್ಣು. 1802ರಲ್ಲಿ ಇಂಗ್ಲೆಂಡಿನ ಧರ್ಮೋಪದೇಶಕ ಪೇಲಿಯು, ಬಯಲಿನಲ್ಲಿ ಬಿದ್ದ ಗಡಿಯಾರವನ್ನು ಕಂಡವನು ಗಡಿಯಾರದ ಶಿಲ್ಪಿಯನ್ನು ಊಹಿಸಲೇಬೇಕಾದಂತೆ, ಕಣ್ಣನ್ನು ಕಂಡವನು ಅದರ ನಿರ್ಮಾತೃವನ್ನು ಊಹಿಸಬೇಕೆಂದು ವಾದಿಸಿದನು. ಈ ವಾದದ ಬಲವನ್ನು ಡಾರ್ವಿನ್ನನು ತಿಳಿದಿದ್ದನು. ಕಣ್ಣಿನಂಥ ಅವಯವವು ಆಯ್ಕೆಯಿಂದ ಆಗಿರಬಹುದೆಂಬುದು ಮೇಲುನೋಟಕ್ಕೆ ಅಸಂಬದ್ಧವಾಗಿ ಕಾಣುತ್ತದೆಂದು ಅವನೇ ಒಪ್ಪಿಕೊಂಡ ವಾಕ್ಯವನ್ನು ಮಾತ್ರ ಕಿತ್ತು ತೋರಿಸಿ, ಅದರ ಬೆನ್ನಿಗೇ ಬರುವ ಸಮಾಧಾನವನ್ನು ಮರೆಮಾಡುವವರು ಅಂದಿನಿಂದ ಇಂದಿನವರೆಗೂ ಇದ್ದಾರೆ. ಆ ಸಮಾಧಾನ ಹೀಗಿದೆ: ಅತ್ಯಂತ ಸರಳವಾದ ಕಣ್ಣಿಗೂ ಅತ್ಯಂತ ಪರಿಪೂರ್ಣವಾದ ಕಣ್ಣಿಗೂ ನಡುವೆ ಸೂಕ್ಷ್ಮವಾದ ಅನೇಕ ಮೆಟ್ಟಿಲುಗಳಿದ್ದು, ಪ್ರತಿಯೊಂದು ಮೆಟ್ಟಿಲೂ ಅಲ್ಲಿ ನಿಂತ ಜೀವಿಗೆ ಉಪಯುಕ್ತವಾಗಿದ್ದರೆ, ಅಸಂಭವವೆನ್ನಲು ಕಾರಣವಿಲ್ಲ.

ಮೆಟ್ಟಿಲುಗಳು ಕೇವಲ ತರ್ಕದವಲ್ಲ, ಇಂದಿಗೂ ಜೀವಂತವಾಗಿ ಕಾಣಸಿಕ್ಕುವಂಥವು. ಮೃದ್ವಂಗಿಗಳ ಒಂದು ಕುಲವನ್ನೇ ನೋಡಿದರೆ ಸಾಕು. ಸಮುದ್ರದ ಬಂಡೆಗಳಿಗೆ ಅಂಟಿ ಬಾಳುವ ಲಿಂಪೆಟ್ ಎಂಬ ಚಿಪ್ಪುಜೀವಿಯ ಕಣ್ಣು ಬರಿಯ ಒಂದು ಬಟ್ಟಲು, ಅದರ ಒಳಮೈಯಲ್ಲಿ ಬೆಳಕನ್ನರಿಯುವ ಕೋಶಗಳ ಲೇಪ; ಬೆಳಕು ಎತ್ತಣಿಂದ ಬಂತೆಂದು ತಿಳಿಯಲು ಅಷ್ಟು ಸಾಕು. ನಾಟಿಲಸ್ಸಿನಲ್ಲಿ ಬಟ್ಟಲ ಬಾಯಿ ಕಿರಿದಾಗಿ ಸೂಜಿರಂಧ್ರದಷ್ಟಾಗಿದೆ. ಮಸೂರವಿಲ್ಲ, ಸಮುದ್ರದ ನೀರೇ ಒಳಗೆ ಹೊಕ್ಕು ಹೊರಡುತ್ತದೆ. ಆದರೂ ಮಂಕಾದ ಬಿಂಬವೊಂದು ಮೂಡುತ್ತದೆ. ಅಷ್ಟಪದಿಯಲ್ಲಿಯಾದರೋ ಮಸೂರ, ಪಾಪೆ, ಅಕ್ಷಿಪಟಲಗಳೆಲ್ಲವೂ ಕೂಡಿ ನಮ್ಮ ಕಣ್ಣಿಗೆ ಎಣೆಯಾದ ಕಣ್ಣು ಸಿದ್ಧವಾಗಿದೆ. ಇಲ್ಲಿ ಲಿಂಪೆಟ್ಟಿನ ಮಗ ನಾಟಿಲಸ್ ಎಂದು ತಿಳಿಯಬಾರದು; ಇವೆಲ್ಲವೂ ಇಂದಿನ ಜೀವಿಗಳು, ಒಂದೊಂದೂ ತನ್ನ ಬದುಕಿಗೆ ಬೇಕಾದಷ್ಟು ಕಣ್ಣನ್ನು ಇಟ್ಟುಕೊಂಡಿದೆ. 1994ರಲ್ಲಿ ಸ್ವೀಡನ್ನಿನ ನಿಲ್ಸನ್, ಪೆಲ್ಗರ್ ಎಂಬಿಬ್ಬರು, ಬೆಳಕನ್ನರಿಯುವ ಸಮತಟ್ಟಾದ ಒಂದು ಚರ್ಮದ ತುಂಡಿನಿಂದ ಹೊರಟು, ಪ್ರತಿಸಲವೂ ನೂರರಲ್ಲಿ ಒಂದು ಪಾಲಿನಷ್ಟೇ ಮಾರ್ಪಾಟಾಗಿ, ಪ್ರತಿ ಮಾರ್ಪಾಟಿನಿಂದಲೂ ದೃಷ್ಟಿ ತುಸು ತಿಳಿಯಾಗುತ್ತ ಹೋದರೆ, ಮೀನಿನ ಕಣ್ಣಿನಂಥ ಮಸೂರವುಳ್ಳ ಕಣ್ಣನ್ನು ಮುಟ್ಟಲು ಎಷ್ಟು ಕಾಲ ಬೇಕೆಂದು ಗಣಿತ ಮಾಡಿದರು. ಬೇಕಾದ ಹೆಜ್ಜೆಗಳು 1,829. ವೇಗವನ್ನು ಬೇಕೆಂದೇ ಕಡಮೆಯಾಗಿ ಹಿಡಿದರೂ 3,64,000 ತಲೆಮಾರುಗಳೊಳಗೆ ಕಾರ್ಯ ಮುಗಿಯುತ್ತದೆ. ವರ್ಷಕ್ಕೊಂದು ತಲೆಮಾರು ಹುಟ್ಟುವ ಸಣ್ಣ ಜಲಚರಗಳ ಲೆಕ್ಕದಲ್ಲಿ ಇದು 4 ಲಕ್ಷ ವರ್ಷಗಳಿಗೂ ಕಡಮೆ. ಭೂಚರಿತ್ರೆಯಲ್ಲಿ ರೆಪ್ಪೆ ಮುಚ್ಚಿ ತೆಗೆಯುವಷ್ಟು ಹೊತ್ತು.

ಹೀಗೆ ಜಡೆಯಂತೆ ಕಾಣುವ ಈ ಕಣ್ಣನ್ನು ಹತ್ತಿರದಿಂದ ನೋಡಿದರೆ ಅದರೊಳಗೂ ಜಟೆಯ ಗಂಟುಗಳು ಕಾಣತೊಡಗುತ್ತವೆ. ಮಸೂರವನ್ನು ಪಾರದರ್ಶಕವಾಗಿ ತುಂಬಿರುವ ಪ್ರೋಟೀನುಗಳು ಕಣ್ಣಿಗೆಂದೇ ಹುಟ್ಟಿದವಲ್ಲ. ಬಾತುಕೋಳಿಯ ಮಸೂರದಲ್ಲಿ ಹೇರಳವಾಗಿರುವ ಒಂದು ಪ್ರೋಟೀನು ದೇಹದ ಇತರ ಕೋಶಗಳಲ್ಲಿ ಲ್ಯಾಕ್ಟಿಕ್ ಆಮ್ಲವನ್ನು ಪರಿವರ್ತಿಸುವ ಸಾಮಾನ್ಯ ಕಿಣ್ವವೇ ಆಗಿದೆ. ಬೇರೊಂದು ಕೆಲಸದಲ್ಲಿದ್ದುದನ್ನು, ನೀರಿನಲ್ಲಿ ದಟ್ಟವಾಗಿ ಕರಗಿದರೂ ತಿಳಿಯಾಗಿ ಉಳಿಯಬಲ್ಲುದೆಂಬ ಗುಣಕ್ಕಾಗಿ, ಇಲ್ಲಿಗೂ ಎರವು ತಂದಂತಾಯಿತು. ನಮ್ಮ ಅಕ್ಷಿಪಟಲದಲ್ಲಿ ನರತಂತುಗಳು ಬೆಳಕನ್ನರಿಯುವ ಕೋಶಗಳ ಮುಂಭಾಗದಲ್ಲಿ ಹಾದು, ಒಂದೆಡೆ ಕೂಡಿ, ಪಟಲವನ್ನು ತೂರಿಕೊಂಡು ಹಿಂದಕ್ಕೆ ಹೋಗಬೇಕಾದುದರಿಂದ, ಆ ಎಡೆಯಲ್ಲಿ ನಾವೆಲ್ಲರೂ ಕುರುಡರು. ಅಷ್ಟಪದಿಯಲ್ಲಿ ತಂತುಗಳು ಹಿಂಭಾಗದಿಂದಲೇ ಹೊರಡುವುದರಿಂದ ಅದಕ್ಕೆ ಈ ಕುರುಡುಚುಕ್ಕೆಯಿಲ್ಲ. ಒಂದೇ ಉಪಯೋಗಕ್ಕೆ ಎರಡು ವಂಶಗಳು ಎರಡು ದಾರಿಗಳಿಂದ ಬಂದುವು. ಹೊರಟ ಕಡೆಯ ಧೂಳನ್ನು ಎರಡೂ ಕಾಲಿನಲ್ಲಿ ಹೊತ್ತು ತಂದುವು.

ಅಷ್ಟೇ ಅಲ್ಲ, ಕಣ್ಣಿಗೆ ಬಂದ ಇಂಥ ಬೇರೆ ಬೇರೆ ದಾರಿಗಳೂ ನಾವು ಎಣಿಸಿದಷ್ಟು ದೂರದವಲ್ಲವೆಂದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ತಿಳಿದುಬಂತು. 1995ರಲ್ಲಿ ಸ್ವಿಟ್ಜರ್ಲೆಂಡಿನ ಗೇರಿಂಗ್ ಎಂಬವರ ಪ್ರಯೋಗಶಾಲೆಯಲ್ಲಿ, ಇಲಿಯ ಭ್ರೂಣದಲ್ಲಿ ಕಣ್ಣಿನ ಬೆಳವಣಿಗೆಗೆ ಚಾಲನೆ ಕೊಡುವ ಒಂದು ವಂಶವಾಹಿಯನ್ನು ಹಣ್ಣುನೊಣದ ದೇಹದ ಬೇರೆ ಭಾಗಗಳಲ್ಲಿ ಕೆಲಸಮಾಡುವಂತೆ ಏರ್ಪಡಿಸಿದರು. ನೊಣಕ್ಕೆ ಕಾಲುಗಳಂಥ ಸಲ್ಲದ ಎಡೆಗಳಲ್ಲಿ ಕಣ್ಣುಗಳು ಮೂಡಿದುವು. ಇಲಿಯ ಕಣ್ಣಲ್ಲ, ನೂರಾರು ಮುಖಗಳುಳ್ಳ ನೊಣದ ಕಣ್ಣು. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಅಗಲಿದ ಎರಡು ವಂಶಗಳಲ್ಲಿ ಒಂದೇ ಆಜ್ಞೆ ಇನ್ನೂ ಅರ್ಥವಾಗುತ್ತಿದೆ. ಈ ಪ್ರಯೋಗದ ವಿವರವನ್ನು ಓದಿದಾಗಲೆಲ್ಲ ನನ್ನ ಮನಸ್ಸು ಒಂದು ಗಳಿಗೆ ಮಾತಿಲ್ಲದೆ ನಿಲ್ಲುತ್ತದೆ.

ಇನ್ನು ಎದುರು ದಿಕ್ಕಿನ ಪ್ರವಾಹವನ್ನು ನೋಡೋಣ. ಜಟಿಲತೆ ವಿಕಾಸದ ಗುರಿಯೇ ಆಗಿದ್ದರೆ ಪಡೆದುದನ್ನು ಕಳೆದುಕೊಂಡು ಬಾಳುವ ಜೀವಿಗಳು ಅಪವಾದವಾಗಿ ಅಲ್ಲೊಂದು ಇಲ್ಲೊಂದು ಇರಬೇಕಾಗಿತ್ತು. ಇರುವುದಾದರೋ ತಂಡತಂಡವಾಗಿ. ಹೆಬ್ಬಾವಿನ ಗುದದ ಇಕ್ಕೆಲಗಳಲ್ಲಿರುವ ಚಿಕ್ಕ ಉಗುರುಗಳು ಅದರ ಪೂರ್ವಜರಿಗಿದ್ದ ಹಿಂಗಾಲುಗಳ ಶೇಷ. ಕರುಳಿನಲ್ಲಿ ವಾಸಿಸುವ ಲಾಡಿಹುಳುವಿಗೆ ತನ್ನದೆಂಬ ಕರುಳೇ ಇಲ್ಲ. ಜೀರ್ಣವಾದ ಅನ್ನದಲ್ಲಿಯೇ ಮುಳುಗಿರುವುದಕ್ಕೆ ಅದು ಬೇಕಾಗಿಯೂ ಇಲ್ಲ. ಡಾರ್ವಿನ್ನನು 1846ರಿಂದ 1854ರವರೆಗೆ, ಎಂಟು ವರ್ಷ, ಬಂಡೆಗಳಿಗೂ ಹಡಗುಗಳ ತಳಕ್ಕೂ ಅಂಟಿಕೊಳ್ಳುವ ಬಾರ್ನಕಲ್ ಎಂಬ ಕವಚಜೀವಿಗಳನ್ನು ಕೊಯ್ದು ಪರೀಕ್ಷಿಸುತ್ತ ಕಳೆದನು. ಅವುಗಳ ಕೆಲವು ಜಾತಿಗಳಲ್ಲಿ ಗಂಡು, ಹೆಣ್ಣಿನ ದೇಹಕ್ಕೆ ಅಂಟಿಕೊಂಡ ಒಂದು ಕಿರುಚೀಲದಷ್ಟಕ್ಕೆ ಇಳಿದಿರುವುದನ್ನು ಅವನು ಕಂಡನು. ಜಾತಿಗಳ ಉಗಮವನ್ನು ಬರೆಯುವ ಮುನ್ನ ಅವನ ಕೈಬೆರಳುಗಳಿಗೆ ಈ ಸರಳೀಕರಣದ ಪರಿಚಯವಾಗಿತ್ತೆಂಬುದನ್ನು ನಾವು ಮರೆಯಬಾರದು.

ಅದೇ ಕುಲದ ಸ್ಯಾಕ್ಯುಲಿನಾ ಏಡಿಯ ಮೇಲೆ ಬದುಕುವ ಪರೋಪಜೀವಿ. ಬೆಳೆದ ಹೆಣ್ಣಿಗೆ ಕಾಲಿಲ್ಲ, ಕವಚವಿಲ್ಲ, ಕಣ್ಣಿಲ್ಲ, ಬಾಯಿಲ್ಲ. ಏಡಿಯ ಹೊಟ್ಟೆಯಡಿಯಲ್ಲಿ ತೂಗುವ ಒಂದು ಚೀಲ, ಏಡಿಯ ಒಳಗೆಲ್ಲ ಹಬ್ಬಿದ ಬೇರುಗಳ ಜಾಲ, ಇಷ್ಟೇ ಅದರ ದೇಹ. ಅದು ಸೀಗಡಿ ಏಡಿಗಳ ನೆಂಟನೆಂದು ಆ ಚೀಲವನ್ನು ಕಂಡು ಯಾರು ಹೇಳಬಲ್ಲರು? ಮೊಟ್ಟೆಯೊಡೆದು ಹೊರಬರುವ ಅದರ ಮರಿ, ಕಾಲುಗಳನ್ನು ಬಡಿಯುತ್ತ ನೀರಿನಲ್ಲಿ ಈಜಿ, ತನ್ನ ಕುಲವನ್ನು ಸಾರುತ್ತದೆ. ಇಂಥ ಸಂಗತಿಗಳನ್ನು ಕೂಡಿಹಾಕಿ ಲ್ಯಾಂಕೆಸ್ಟರ್ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞನು 1880ರಲ್ಲಿ ಪುಸ್ತಕ ಬರೆದು, ಅದಕ್ಕೆ ಅವನತಿಯೆಂಬ ಅರ್ಥದ ಹೆಸರನ್ನಿಟ್ಟನು. ಆ ಹೆಸರನ್ನು ನಾನು ಒಪ್ಪಲಾರೆ. ಗಂಡು ಏಡಿಯ ದೇಹವನ್ನೂ ನಡವಳಿಕೆಯನ್ನೂ ಹೆಣ್ಣಿನಂತೆ ಮಾರ್ಪಡಿಸಿ, ತನ್ನ ಸಂತಾನವನ್ನು ಅದರಿಂದಲೇ ಪೋಷಿಸಿಕೊಳ್ಳುವ ಜೀವಿಯ ರಸಾಯನದಲ್ಲಿ ಅಡಗಿರುವ ಸೂಕ್ಷ್ಮತೆಯನ್ನು ಅವನತಿಯೆಂದು ಕರೆಯುವುದು, ಕಣ್ಣಿಗೆ ಕಾಣುವ ಅವಯವಗಳನ್ನಷ್ಟೆ ಎಣಿಸುವವರ ಆತುರ.

ಕುಷ್ಠರೋಗದ ಬ್ಯಾಕ್ಟೀರಿಯದ ಕಥೆಯೂ ಇಲ್ಲಿ ಸ್ಮರಣೀಯ. 2001ರಲ್ಲಿ ಅದರ ಆನುವಂಶಿಕ ಲಿಪಿಯನ್ನು ಪೂರ್ತಿಯಾಗಿ ಓದಿದಾಗ, ಅದರ ದಾಯಾದಿಯಾದ ಕ್ಷಯರೋಗದ ಬ್ಯಾಕ್ಟೀರಿಯದಲ್ಲಿ 4,000ದಷ್ಟು ವಂಶವಾಹಿಗಳು ಕೆಲಸದಲ್ಲಿದ್ದರೆ, ಇದರಲ್ಲಿ ಉಳಿದಿರುವವು 1,600ರಷ್ಟು ಮಾತ್ರವೆಂದು ಕಂಡಿತು. ಇನ್ನು 1,100ಕ್ಕೂ ಹೆಚ್ಚು ವಂಶವಾಹಿಗಳು ಕೆಟ್ಟು ನಿಂತ ಅವಸ್ಥೆಯಲ್ಲಿ, ಜನರು ಬಿಟ್ಟುಹೋದ ಊರಿನ ಮನೆಗೋಡೆಗಳಂತೆ, ಇನ್ನೂ ಗುರುತು ಹಿಡಿಯುವಂತಿವೆ. ಮನುಷ್ಯನ ಕೋಶದೊಳಗೆ ಎಲ್ಲವೂ ಸಿದ್ಧವಾಗಿ ದೊರೆಯುವಾಗ ತಾನೇ ತಯಾರಿಸಿಕೊಳ್ಳುವ ಸಾಧನಗಳು ಒಂದೊಂದಾಗಿ ಹಾಳಾದುವು. ಹಾಳಾದುದರಿಂದ ಆ ಜೀವಿಗೆ ನಷ್ಟವಾಗಲಿಲ್ಲವಾಗಿ, ಆಯ್ಕೆ ಅವನ್ನು ಕಾಪಾಡಲಿಲ್ಲ. ಹಾನ್ಸೆನ್ ಎಂಬ ವೈದ್ಯನು 1873ರಲ್ಲಿ ಈ ಬ್ಯಾಕ್ಟೀರಿಯವನ್ನು ಕಂಡುಹಿಡಿದಂದಿನಿಂದ ಈವರೆಗೆ, ಪ್ರಯೋಗಶಾಲೆಯ ಕೃತಕ ಆಹಾರದ ಮೇಲೆ ಇದನ್ನು ಬೆಳೆಸಲು ಆಗಿಲ್ಲವೆಂಬುದರ ಮರ್ಮ ಈ ಪಾಳುಬಿದ್ದ ವಂಶವಾಹಿಗಳಲ್ಲಿದೆ. ಇಂಥ ಇಳಿಕೆಯನ್ನು ಪ್ರಯೋಗಶಾಲೆಯಲ್ಲಿಯೂ ಕಂಡದ್ದುಂಟು. 1967ರಲ್ಲಿ ಅಮೆರಿಕದ ಸ್ಪೀಗಲ್‌ಮನ್ ಮತ್ತು ಅವರ ಸಂಗಡಿಗರು, ಬ್ಯಾಕ್ಟೀರಿಯಗಳನ್ನು ಮುತ್ತುವ ಒಂದು ವೈರಸ್ಸಿನ ಆರ್.ಎನ್.ಎ.ಯನ್ನು ಗಾಜಿನ ನಳಿಕೆಯಲ್ಲಿ, ಬೇಕಾದ ಸಾಮಗ್ರಿಯನ್ನೆಲ್ಲ ಒದಗಿಸಿ, ಬೇಗ ಪ್ರತಿಯಾಗುವುದಕ್ಕೆ ಮಾತ್ರ ಬೆಲೆಯಿರುವಂತೆ ಏರ್ಪಡಿಸಿ, 74 ಸಲ ನಳಿಕೆಯಿಂದ ನಳಿಕೆಗೆ ಸಾಗಿಸಿದರು. ಕೊನೆಯಲ್ಲಿ ಉಳಿದದ್ದು ಮೂಲದ ನೂರಕ್ಕೆ 17 ಪಾಲು. ಎಲ್ಲವೂ ಹೊರಗಿನಿಂದ ದೊರೆಯುವ ಕಡೆ ವಿಕಾಸವು ಹೊರೆಯನ್ನು ಇಳಿಸುತ್ತದೆ.

ಮೆಕ್ಸಿಕೋ ದೇಶದ ಸುಣ್ಣಕಲ್ಲಿನ ಗುಹೆಗಳ ಕತ್ತಲ ನೀರಿನಲ್ಲಿ ಬಾಳುವ ಕುರುಡುಮೀನೊಂದು ಈ ಇಳಿಕೆಯ ರೀತಿಯನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಹೊರಗಿನ ಹೊಳೆಯಲ್ಲಿರುವ ಅದೇ ಜಾತಿಯ ಮೀನಿಗೆ ಕಣ್ಣಿದೆ. ಗುಹೆಯ ಮೀನಿನ ಭ್ರೂಣದಲ್ಲಿಯೂ ಕಣ್ಣು ಮೊಳೆಯುತ್ತದೆ; ಮುಂದೆ ಕುಗ್ಗಿ ಚರ್ಮದಡಿಯಲ್ಲಿ ಅಡಗಿಹೋಗುತ್ತದೆ. ದೂರದೂರದ ಎರಡು ಗುಹೆಗಳ ಕುರುಡು ಮೀನುಗಳನ್ನು ಕೂಡಿಸಿದಾಗ ಹುಟ್ಟಿದ ಮರಿಗಳಲ್ಲಿ ಕೆಲವಕ್ಕೆ ಕಣ್ಣು ಕಂಡಿತೆಂದು 2008ರಲ್ಲಿ ವರದಿಯಾಯಿತು. ಒಂದೊಂದು ಗುಹೆಯಲ್ಲಿ ಬೇರೆ ಬೇರೆ ವಂಶವಾಹಿಗಳು ಕೆಟ್ಟಿದ್ದುವು. ತಂದೆಯಲ್ಲಿ ಕೆಟ್ಟದ್ದು ತಾಯಿಯಲ್ಲಿ ಸರಿಯಾಗಿತ್ತು. ಕಟ್ಟುವುದಕ್ಕೆ ಸಾವಿರಾರು ಹೆಜ್ಜೆ ಒಂದೇ ಕ್ರಮದಲ್ಲಿ ಬೇಕು, ಕೆಡುವುದಕ್ಕೆ ಯಾವ ಎಳೆ ಹರಿದರೂ ಸಾಕು.

ಹಾಗಾದರೆ ಆನೆಯೂ ಆಲವೂ ಹೇಗೆ ಬಂದುವು? ಅಮೆರಿಕದ ಸ್ಟೀಫನ್ ಜೇ ಗೂಲ್ಡ್ 1996ರ ತಮ್ಮ ಗ್ರಂಥವೊಂದರಲ್ಲಿ ಮಂಡಿಸಿದ ವಾದ ಇದು: ಜೀವವು ಅತ್ಯಂತ ಸರಳ ರೂಪದಲ್ಲಿ, ಅಂದರೆ ಒಂದು ಗೋಡೆಯ ಬದಿಯಲ್ಲಿಯೇ, ಆರಂಭವಾಯಿತು; ಅದಕ್ಕಿಂತ ಸರಳವಾಗಲು ಎಡೆಯಿಲ್ಲ. ಆದ್ದರಿಂದ ಗುರಿಯಿಲ್ಲದೆ ಅತ್ತಿತ್ತ ಅಲೆದರೂ ಕಾಲಕ್ರಮದಲ್ಲಿ ಕೆಲವು ವಂಶಗಳು ಗೋಡೆಯಿಂದ ದೂರ ಸರಿಯುವುದು ಅನಿವಾರ್ಯ. ಬಹುಸಂಖ್ಯೆಯವು ಇಂದಿಗೂ ಗೋಡೆಯ ಬದಿಯಲ್ಲಿಯೇ ಇವೆ. ಭೂಮಿ ಮೊದಲಿನಿಂದಲೂ ಬ್ಯಾಕ್ಟೀರಿಯಗಳ ರಾಜ್ಯ, ಇಂದೂ ಅವುಗಳದೇ. ಮನುಷ್ಯನ ಅಹಂಕಾರಕ್ಕೆ ಇದು ಒಳ್ಳೆಯ ಚಿಕಿತ್ಸೆ. ಆದರೂ ಇದರಿಂದ ನನಗೆ ಪೂರ್ಣ ತೃಪ್ತಿಯಿಲ್ಲ. ಗೋಡೆಯಿಂದ ದೂರ ಸರಿದವು ಏಕೆ ಮತ್ತೆ ಗೋಡೆಯತ್ತ ಬೀಳದೆ ನಿಂತುವೆಂಬುದನ್ನು ಅಲೆದಾಟದ ಗಣಿತವೊಂದೇ ಹೇಳಲಾರದು.

ನಿಂತುದಕ್ಕೆ ಒಂದು ಕಾರಣ ಗಾತ್ರ. 1957ರಲ್ಲಿ ಭಾರತಕ್ಕೆ ಬಂದು ನೆಲಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೆ.ಬಿ.ಎಸ್. ಹಾಲ್ಡೇನರು 1926ರಲ್ಲಿಯೇ ಒಂದು ಸಣ್ಣ ಪ್ರಬಂಧದಲ್ಲಿ ಇದನ್ನು ವಿವರಿಸಿದ್ದರು. ದೇಹದ ಉದ್ದ ಅಗಲ ಎತ್ತರಗಳು ಹತ್ತರಷ್ಟಾದರೆ ಮೇಲ್ಮೈ ನೂರರಷ್ಟಾಗುತ್ತದೆ, ತೂಕ ಸಾವಿರದಷ್ಟಾಗುತ್ತದೆ. ಸಣ್ಣ ಹುಳು ಚರ್ಮದ ಮೂಲಕವೇ ಉಸಿರಾಡಬಹುದು. ಸಾವಿರ ಪಾಲು ತೂಕದ ಪ್ರಾಣಿ ನೂರು ಪಾಲು ಚರ್ಮದಿಂದ ಉಸಿರಾಡಿದರೆ ಬದುಕದು. ಆದುದರಿಂದ ಒಳಗೆ ಮೇಲ್ಮೈಯನ್ನು ಮಡಿಸಬೇಕು: ಮೀನಿಗೆ ಕಿವಿರು, ನಮಗೆ 30 ಕೋಟಿಗೂ ಮಿಗಿಲಾದ ಗಾಳಿಗೂಡುಗಳ ಶ್ವಾಸಕೋಶ, ಅಲ್ಲಿಂದ ಪ್ರಾಣವಾಯುವನ್ನು ಸಾಗಿಸಲು ರಕ್ತ, ರಕ್ತವನ್ನು ನೂಕಲು ಹೃದಯ. ದೇಹ ದೊಡ್ಡದಾದುದೇ ಮೊದಲು, ಜಟಿಲತೆ ಅದು ತೆರಬೇಕಾಗಿ ಬಂದ ಬೆಲೆ.

ಇನ್ನೊಂದು ಕಾರಣವು ಇತ್ತೀಚೆಗೆ ಹೊಳೆದದ್ದು. ಅದೇ ನನ್ನ ಮನಸ್ಸನ್ನು ಹೆಚ್ಚು ಸೆಳೆದದ್ದು. ಕೋಶದೊಳಗೆ ಆಮ್ಲವನ್ನು ಪಂಪು ಮಾಡತಕ್ಕ ಒಂದು ಅಣುಯಂತ್ರವಿದೆ. ಅದರ ನಡುವೆ ಆರು ಪ್ರೋಟೀನುಗಳ ಒಂದು ಬಳೆ. ಪ್ರಾಣಿಗಳಲ್ಲಿ ಈ ಬಳೆ ಎರಡು ಬಗೆಯ ಪ್ರೋಟೀನುಗಳಿಂದಾಗಿದೆ. ಯೀಸ್ಟ್ ಮೊದಲಾದ ಶಿಲೀಂಧ್ರಗಳಲ್ಲಿ ಮೂರು ಬಗೆ ಬೇಕು, ಒಂದು ಇಲ್ಲದಿದ್ದರೂ ಯಂತ್ರ ನಿಲ್ಲುತ್ತದೆ. ಮೂರನೆಯದರಿಂದ ಯಾವ ಹೊಸ ಸಾಮರ್ಥ್ಯ ಬಂತು? ಅಮೆರಿಕದ ಥಾರ್ನ್‌ಟನ್ ಎಂಬವರ ತಂಡ, ಇಂದಿನ ಅನೇಕ ಜೀವಿಗಳ ಪ್ರೋಟೀನುಗಳನ್ನು ಹೋಲಿಸಿ, ಕೋಟ್ಯಂತರ ವರ್ಷಗಳ ಹಿಂದಿನ ಪೂರ್ವಜ ಪ್ರೋಟೀನನ್ನು ಗಣಿತದಿಂದ ಊಹಿಸಿ, ನಿಜವಾಗಿಯೂ ತಯಾರಿಸಿ, ಇಂದಿನ ಯೀಸ್ಟಿಗೆ ಕೊಟ್ಟು ನೋಡಿತು. 2012ರಲ್ಲಿ ಫಲಿತಾಂಶ ಪ್ರಕಟವಾಯಿತು. ಪೂರ್ವಜ ಒಂದೇ, ಈಗಿನ ಎರಡರ ಕೆಲಸವನ್ನೂ ಮಾಡಿತು. ನಡೆದದ್ದು ಇಷ್ಟೇ: ಆ ವಂಶವಾಹಿ ಆಕಸ್ಮಿಕವಾಗಿ ಇಮ್ಮಡಿಯಾಯಿತು, ಒಂದು ಪ್ರತಿ ಬಳೆಯಲ್ಲಿ ಒಂದು ಬದಿಗೆ ಕೂಡುವ ಶಕ್ತಿಯನ್ನು ಕಳೆದುಕೊಂಡಿತು, ಇನ್ನೊಂದು ಪ್ರತಿ ಮತ್ತೊಂದು ಬದಿಗೆ ಕೂಡುವುದನ್ನು. ಒಬ್ಬನ ಕೊರತೆಯನ್ನು ಇನ್ನೊಬ್ಬನು ತುಂಬುತ್ತಿದ್ದುದರಿಂದ ಯಾರಿಗೂ ನಷ್ಟ ಕಾಣಲಿಲ್ಲ. ಆದರೆ ಅಂದಿನಿಂದ ಇಬ್ಬರೂ ಬೇಕಾದರು. ಯಂತ್ರ ಹೆಚ್ಚು ಜಟಿಲವಾಯಿತು, ಹೆಚ್ಚು ಸಮರ್ಥವಾಗಲಿಲ್ಲ. ಇದು ಅಪ್ಪಟ ಜಟೆ. ಒಬ್ಬನೇ ನಡೆಸುತ್ತಿದ್ದ ಒಕ್ಕಲುತನವನ್ನು ಇಬ್ಬರು ಅಣ್ಣತಮ್ಮಂದಿರು ವಹಿಸಿಕೊಂಡು, ಒಬ್ಬನು ಉಳುವುದನ್ನು ಮರೆತು ಮತ್ತೊಬ್ಬನು ಬಿತ್ತುವುದನ್ನು ಮರೆತರೆ, ಆ ಮನೆ ಪಾಲಾಗುವಂತಿಲ್ಲ. ಅವರ ಒಗ್ಗಟ್ಟಿಗೆ ಕಾರಣ ಮರೆವು.

ಇಮ್ಮಡಿಯಾದ ವಂಶವಾಹಿಗಳೆಲ್ಲವೂ ಹೀಗೆ ಬರಿಯ ಹೊರೆಯಾದುವೆಂದು ತಿಳಿಯಬಾರದು. ಜಪಾನಿನಲ್ಲಿ ವ್ಯಾಸಂಗ ಮಾಡಿ ಅಮೆರಿಕದಲ್ಲಿ ಸಂಶೋಧನೆ ನಡೆಸಿದ ಸುಸುಮು ಓನೊ 1970ರಲ್ಲಿ ಇದನ್ನೇ ವಿಕಾಸದ ದೊಡ್ಡ ಬಂಡವಾಳವೆಂದು ಕರೆದರು. ನಮ್ಮ ಕಣ್ಣಿಗೆ ಕೆಂಪೂ ಹಸುರೂ ಬೇರೆ ಬೇರೆಯಾಗಿ ತೋರುವುದು, ವಾನರ ಪೂರ್ವಜರಲ್ಲಿ ಒಂದು ವಂಶವಾಹಿ ಇಮ್ಮಡಿಯಾಗಿ, ಎರಡು ಪ್ರತಿಗಳೂ ತುಸು ಭಿನ್ನವಾದ ಬೆಳಕಿಗೆ ಓಗೊಡುವಂತೆ ಮಾರ್ಪಟ್ಟುದರಿಂದ. ಎರಡೂ ಇಂದಿಗೂ ಎಕ್ಸ್ ವರ್ಣತಂತುವಿನ ಮೇಲೆ ಅಕ್ಕಪಕ್ಕದಲ್ಲಿಯೇ ಇವೆ. ಅಂಥ ತಂತು ಒಂದೇ ಇರುವ ಗಂಡಸರಲ್ಲಿ ಈ ಬಣ್ಣಗಳ ಕುರುಡು ಹೆಚ್ಚಾಗಿ ಕಾಣುವುದೂ ಅದರಿಂದಲೇ. ಮೊದಲು ಜಟೆಯಾಗಿ ತೊಡರಿದ ಎಳೆಗಳನ್ನು ಆಯ್ಕೆಯೆಂಬ ಬಾಚಣಿಗೆ ಮುಂದೆ ಕೆಲವೆಡೆ ತಿದ್ದಿ ಜಡೆಯಾಗಿಸಿತು, ಕೆಲವೆಡೆ ಹಾಗೆಯೇ ಬಿಟ್ಟಿತು. ಆಯ್ಕೆಯೇ ಮೊದಲಿನಿಂದ ಎಲ್ಲವನ್ನೂ ಹೆಣೆಯಿತೆನ್ನುವವರೊಡನೆಯೂ, ಎಲ್ಲವೂ ಕುರುಡು ತೊಡಕೆನ್ನುವವರೊಡನೆಯೂ ನಾನು ಹೋಗಲಾರೆ.

ಕೋಶಗಳು ಒಟ್ಟುಗೂಡಿ ದೇಹವಾದ ಕಥೆಯಲ್ಲಿಯೂ ಇದೇ ಜಾಡು ಕಾಣುತ್ತದೆ. ಹೊಂಡದ ನೀರಿನಲ್ಲಿ ಹಸುರು ಚೆಂಡಿನಂತೆ ಉರುಳುವ ವಾಲ್ವಾಕ್ಸ್ ಎಂಬ ಪಾಚಿಯ ಒಂದು ಜಾತಿಯಲ್ಲಿ 2,000ದಷ್ಟು ಕೋಶಗಳು ಬಾಲವಾಡಿಸಿ ಚೆಂಡನ್ನು ನಡೆಸುತ್ತವೆ; ಸಂತಾನಕ್ಕೆ ಮೀಸಲಾದವು ಸುಮಾರು 16. ಈಜುವ ಕೋಶಗಳು ಮಕ್ಕಳಿಲ್ಲದೆ ಸಾಯುತ್ತವೆ. ಅದರ ಏಕಕೋಶ ನೆಂಟನಾದ ಕ್ಲಾಮಿಡೊಮೊನಾಸ್ ತಾನೇ ಈಜಿ ತಾನೇ ಸಂತಾನ ಪಡೆಯುತ್ತದೆ. ಈ ಎರಡರಲ್ಲಿಯೂ ವಂಶವಾಹಿಗಳು ಸುಮಾರು 14,500 ಎಂದು 2010ರಲ್ಲಿ ತಿಳಿದಾಗ, ಒಂಟಿ ಬಾಳಿನಿಂದ ಕೂಡುಬಾಳಿಗೆ ದಾಟಲು ಹೊಸ ಸಾಮಗ್ರಿ ಬೇಕಾದದ್ದು ಅತ್ಯಲ್ಪ, ಹಳೆಯ ಸಾಮಗ್ರಿಯ ಹೊಸ ಹಂಚಿಕೆಯೇ ಮುಖ್ಯವೆಂದು ಒಪ್ಪಬೇಕಾಯಿತು.

ಕೊನೆಯದಾಗಿ, ಇವೆಲ್ಲಕ್ಕೂ ತಳಹದಿಯಾದ ಒಂದು ಸಂಗತಿ. ಸಸ್ಯ, ಶಿಲೀಂಧ್ರ, ಪ್ರಾಣಿಗಳೆಲ್ಲದರ ಕೋಶಗಳಲ್ಲಿ ಕೇಂದ್ರವೊಂದುಂಟು, ಶಕ್ತಿಯನ್ನು ಒದಗಿಸುವ ಮೈಟೊಕಾಂಡ್ರಿಯಗಳುಂಟು. ಈ ಮೈಟೊಕಾಂಡ್ರಿಯಗಳು ಒಂದು ಕಾಲಕ್ಕೆ ಸ್ವತಂತ್ರವಾಗಿ ಬಾಳುತ್ತಿದ್ದ ಬ್ಯಾಕ್ಟೀರಿಯಗಳೆಂಬ ವಿಚಾರವನ್ನು 1967ರಲ್ಲಿ ಲಿನ್ ಮಾರ್ಗುಲಿಸ್ ಸಮಗ್ರವಾಗಿ ಮಂಡಿಸಿದಾಗ ನಂಬಿದವರು ವಿರಳ. ಮುಂದೆ ಅವುಗಳ ಡಿ.ಎನ್.ಎ.ಯನ್ನು ಓದಿದಾಗ ಸಂದೇಹಕ್ಕೆ ಎಡೆಯುಳಿಯಲಿಲ್ಲ. ಒಂದು ಜೀವಿಯ ಒಳಗೆ ಹೊಕ್ಕ ಅತಿಥಿ ಕಾಲಾಂತರದಲ್ಲಿ ತನ್ನ ವಂಶವಾಹಿಗಳಲ್ಲಿ ಹೆಚ್ಚಿನವನ್ನು ಕಳೆದುಕೊಂಡಿತು ಅಥವಾ ಮನೆಯೊಡೆಯನ ಕೇಂದ್ರಕ್ಕೆ ಒಪ್ಪಿಸಿತು. ಮನುಷ್ಯನ ಮೈಟೊಕಾಂಡ್ರಿಯದಲ್ಲಿ ಉಳಿದಿರುವವು 37 ಮಾತ್ರ. ಅವುಗಳಲ್ಲಿ ಪ್ರೋಟೀನುಗಳನ್ನು ರಚಿಸುವವು 13. ಅದರ ಕೆಲಸಕ್ಕೆ ಬೇಕಾದ ಇನ್ನೂ ಸಾವಿರಕ್ಕೂ ಮೀರಿದ ಪ್ರೋಟೀನುಗಳು ಕೇಂದ್ರದ ಅಪ್ಪಣೆಯಂತೆ ಹೊರಗೆ ತಯಾರಾಗಿ ಒಳಗೆ ಹೋಗಬೇಕು. ಬಂದ ಅತಿಥಿಗೆ ಹೊರಡುವ ದಾರಿ ಮುಚ್ಚಿತು. ಒಡೆಯನಿಗೂ ಅದಿಲ್ಲದೆ ಉಸಿರಿಲ್ಲ. ಇಲ್ಲಿಯೂ ಒಬ್ಬರು ಮರೆತುದನ್ನು ಇನ್ನೊಬ್ಬರು ನೆನಪಿಟ್ಟುಕೊಂಡುದೇ ಬಂಧನ. ಆದರೆ ಯೀಸ್ಟಿನ ಬಳೆಯಂತಲ್ಲದೆ, ಇದರಿಂದ ಕೋಶಕ್ಕೆ ಹಿಂದೆಂದೂ ಇರದಿದ್ದ ಶಕ್ತಿಯ ಭಂಡಾರವೂ ದೊರೆಯಿತು.

ಈ ಕೂಟವು ನಡೆದದ್ದು ಸುಮಾರು ಇನ್ನೂರು ಕೋಟಿ ವರ್ಷಗಳ ಹಿಂದೆ. ಬ್ಯಾಕ್ಟೀರಿಯಗಳು ಅದಕ್ಕೆ ಮೊದಲೂ ಆಮೇಲೂ ಲೆಕ್ಕಕ್ಕೆ ಸಿಕ್ಕದಷ್ಟು ಸಲ ಒಂದನ್ನೊಂದು ಸಂಧಿಸಿವೆ, ಇಂದೂ ಸಂಧಿಸುತ್ತಿವೆ. ಆದರೂ ಮೈಟೊಕಾಂಡ್ರಿಯಗಳೆಲ್ಲವೂ ಆ ಒಂದೇ ಅತಿಥಿಯ ಸಂತತಿಯೆಂದು ಅವುಗಳ ಲಿಪಿ ಹೇಳುತ್ತದೆ. ಆಲದ ಎಲೆಯಲ್ಲಿ, ಏಡಿಯಲ್ಲಿ, ಏಡಿಯನ್ನು ಹಿಡಿದ ಸ್ಯಾಕ್ಯುಲಿನಾದಲ್ಲಿ, ಗುಹೆಯ ಕುರುಡು ಮೀನಿನಲ್ಲಿ, ಇದನ್ನು ಕೇಳುತ್ತಿರುವ ತಮ್ಮ ಕಣ್ಣುಗಳ ಕೋಶಗಳಲ್ಲಿ, ಅಂದು ಒಳಗೆ ಬಂದು ಹಿಂದಿರುಗಲಾಗದೆ ಉಳಿದ ಆ ಒಂದರ ಮಕ್ಕಳೇ ಈ ಗಳಿಗೆಯಲ್ಲಿಯೂ ಉಸಿರನ್ನು ಶಕ್ತಿಯಾಗಿಸುತ್ತಿವೆ.